ವೈವಾ ಯಾವ ಭಾಷೆಯಲ್ಲಿ?

ಪ್ಲಸ್ ಟು ಫಿಸಿಕ್ಸ್ ಪ್ರಾಕ್ಟಿಕಲ್ ಹತ್ತಿರ ಬಂತೆಂದರೆ ಲ್ಯಾಬಿನಲ್ಲಿ ಮೊದಲು ಬೇಕಾಗುವುದು ಮರಳು ಕಾಗದ. ಕಾಸರಗೋಡಿನ ಉಪ್ಪುಗಾಳಿಗೆ ತಾಮ್ರದ ತಂತಿಯ ತುದಿ, ಪ್ಲಗ್ ಕೀ, ರೆಸಿಸ್ಟೆನ್ಸ್ ಬಾಕ್ಸಿನ ಹಿತ್ತಾಳೆ ಬಿರಡೆ ಎಲ್ಲವೂ ಒಂದು ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತವೆ. ಕಿಲುಬು ಎಷ್ಟೇ ತೆಳುವಾಗಿರಲಿ, ಸರ್ಕ್ಯೂಟಿನಲ್ಲಿ ಅದೂ ಒಂದು ರೋಧವೇ. ಹುಡುಗ ಎಲ್ಲವನ್ನೂ ಸರಿಯಾಗಿಯೇ ಜೋಡಿಸಿರುತ್ತಾನೆ, ಗ್ಯಾಲ್ವನೋಮೀಟರಿನ ಮುಳ್ಳು ಮಾತ್ರ ಮಿಸುಕುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಹಾಗಾದರೆ ತಾನು ಕಲಿತದ್ದೇ ತಪ್ಪೇನೋ ಎಂದು ಅವನಿಗೆ ಅನಿಸಿಬಿಡುತ್ತದೆ. ಹಾಗಾಗಿ ತಂತಿ ಉಜ್ಜುವ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಡುವುದಿಲ್ಲ.

ಆಮೇಲೆ ಪ್ರತಿಯೊಂದು ಪ್ರಯೋಗವನ್ನೂ ಅದೇ ಮೇಜಿನ ಮೇಲೆ, ಮಕ್ಕಳಿಗೆ ಸಿಗಲಿರುವ ಅದೇ ಉಪಕರಣದಲ್ಲಿ ಮಾಡಿ ನೋಡಬೇಕು. ಪ್ರತಿ ಸ್ಕ್ರೂಗೇಜಿಗೂ ಅದರದ್ದೇ ಆದ ಶೂನ್ಯ ದೋಷವಿರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಮಗುವಿನ ಉತ್ತರ ಸರಿಯೋ ತಪ್ಪೋ ಹೇಳಲು ನಮಗೇ ಆಗುವುದಿಲ್ಲ. ಲೋಲಕಕ್ಕೆ ಹೊಸ ದಾರ ಬೇಕು. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡ್, 20 ಆಂದೋಲನಕ್ಕೆ 40 ಸೆಕೆಂಡ್. ಸ್ಟಾಪ್ ವಾಚ್ ಒತ್ತುವಲ್ಲಿ ಬೆರಳು ತಡಮಾಡಿದ ಆ ಚೂರು ಹೊತ್ತು 20 ಪಾಲಾಗಿ ಹಂಚಿಹೋಗಲಿ ಎಂದೇ ಇಪ್ಪತ್ತನ್ನು ಎಣಿಸುವುದು. ಲೋಲಕದ ಮೂಲೆಯಲ್ಲಿ ಫ್ಯಾನ್ ಹಾಕುವ ಹಾಗಿಲ್ಲ. ಫೆಬ್ರವರಿಯ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತಾ ಎಣಿಸುವ ಮಕ್ಕಳನ್ನು ನೋಡುವಾಗ ಪಾಪ ಅನಿಸುತ್ತದೆ. ಕರೆಂಟ್ ಹೋದರೆ ಬ್ಯಾಟರಿ ಎಲಿಮಿನೇಟರಿನ ಬದಲಿಗೆ ಡ್ರೈ ಸೆಲ್, ಪ್ರಿಸಂ ಪ್ರಯೋಗಕ್ಕೆ ತುಕ್ಕು ಹಿಡಿಯದ ಗುಂಡುಸೂಜಿ, ಬೇಕಾದಷ್ಟು ಗ್ರಾಫ್ ಹಾಳೆ, ಇವೆಲ್ಲ ಮುಂಚಿನ ದಿನ ಸಂಜೆಯೊಳಗೆ ಮೇಜಿಗೆ ಬಂದಿರಬೇಕು.

ಇಷ್ಟು ತಯಾರಿ ರಾಜ್ಯದ ಯಾವ ಶಾಲೆಯಲ್ಲಾದರೂ ನಡೆಯುತ್ತದೆ. ಚಂದ್ರಗಿರಿ ಹೊಳೆಯ ಬಡಗು ಬದಿಯ ಶಾಲೆಗಳಲ್ಲಿ ಇನ್ನೊಂದು ತಯಾರಿ ಬೇಕಾಗುತ್ತದೆ, ಅದು ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ನಮ್ಮ ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬರುತ್ತಾರೆ. ಪ್ಲಸ್ ವನ್‌ಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷ್ ಆಗುತ್ತದೆ, ಪಾಠದ ವಿವರಣೆ ಹೆಚ್ಚಿನ ಕಡೆ ಮಲಯಾಳಂನಲ್ಲಿ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಇಲ್ಲವೇ ಹವ್ಯಕ ಕನ್ನಡ. ಬಸ್ಸಿನ ಬೋರ್ಡಿಗೆ, ಅಂಗಡಿಯ ವ್ಯವಹಾರಕ್ಕೆ ಬೇಕಾದ ಮಲಯಾಳಂ ಅವರಿಗೆ ಸಲೀಸು. ಆ ಭಾಷೆಯಲ್ಲಿ ತಮಾಷೆ ಮಾಡುತ್ತಾರೆ, ಸಿನಿಮಾ ನೋಡುತ್ತಾರೆ, ಜಗಳವನ್ನೂ ಆಡುತ್ತಾರೆ. ಆದರೆ ಭೌತಶಾಸ್ತ್ರದ ಒಂದು ಕಾರಣವನ್ನು ಅಪರಿಚಿತರ ಮುಂದೆ ನಿಂತು ವಿವರಿಸುವಷ್ಟು ಮಲಯಾಳಂ ಬರುವುದು ಕೆಲವರಿಗೆ ಮಾತ್ರ.

ಪ್ರಾಕ್ಟಿಕಲ್‌ಗೆ ಇರುವುದು 40 ಅಂಕ. ಪರೀಕ್ಷಕರು ಬೇರೆ ಶಾಲೆಯಿಂದ ಬರುತ್ತಾರೆ, ಹೆಚ್ಚಿನ ವರ್ಷ ಹೊಳೆಯ ತೆಂಕು ಬದಿಯಿಂದಲೇ. ಬರುವವರು ಒಳ್ಳೆಯವರು, ಬಲ್ಲವರು. ವೈವಾಕ್ಕೆ ಕೂತಾಗ ಮಾತ್ರ ಅವರ ಬಾಯಿಗೆ ಬರುವುದು ಅವರ ಭಾಷೆ, ಮಗುವಿನ ಬಾಯಿ ಕಟ್ಟಿಹೋಗುತ್ತದೆ.

ಮುಳ್ಳೇರಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಒಂದು ವರ್ಷ ಮೀಟರ್ ಬ್ರಿಡ್ಜ್ ಬಂತು. ಮರದ ಹಲಗೆಯ ಮೇಲೆ ಬಿಗಿದ ಒಂದು ಮೀಟರ್ ತಂತಿ, ಎರಡು ಗ್ಯಾಪುಗಳಲ್ಲಿ ಎರಡು ರೋಧಗಳು, ಜಾಕಿಯನ್ನು ತಂತಿಗೆ ಮುಟ್ಟಿಸುತ್ತಾ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕಬೇಕು. ಅವಳು ಎರಡೂ ತುದಿಗೆ ಮುಟ್ಟಿಸಿ ನೋಡಿದಳು. ಮುಳ್ಳು ಎರಡು ಸಲವೂ ಒಂದೇ ಕಡೆಗೆ ಓಡಿತು. "ಎಂತ ಸಾರ್, ಒಂದೇ ಕಡೆ ಹೋಗ್ತದೆ" ಎಂದು ನನ್ನ ಮುಖ ನೋಡಿದಳು. ಮೇಲ್ವಿಚಾರಣೆಗೆ ನಿಂತವನು ಬಾಯಿ ಬಿಡುವ ಹಾಗಿಲ್ಲ, ಬಿಡಲಿಲ್ಲ. ಅವಳೇ ಬಗ್ಗಿ ಒಂದೊಂದು ಸ್ಕ್ರೂವನ್ನೂ ಬೆರಳಿನಿಂದ ಅಲುಗಾಡಿಸುತ್ತಾ ಹೋದಳು. ಬಲಗಡೆಯ ಗ್ಯಾಪಿನಲ್ಲಿ ಒಂದು ತಂತಿ ಸಡಿಲವಾಗಿತ್ತು. ಬಿಗಿದಳು. ಈಗ ಮುಳ್ಳು ಒಂದು ತುದಿಯಲ್ಲಿ ಎಡಕ್ಕೆ, ಇನ್ನೊಂದು ತುದಿಯಲ್ಲಿ ಬಲಕ್ಕೆ. ರೆಸಿಸ್ಟೆನ್ಸ್ ಬಾಕ್ಸಿನ ಬಿರಡೆಗಳನ್ನು ಬದಲಿಸಿ ಬದಲಿಸಿ ಸೊನ್ನೆಯ ಜಾಗವನ್ನು 50 ಸೆಂಟಿಮೀಟರಿನ ಆಸುಪಾಸಿಗೆ ತಂದಳು. ಆಮೇಲೆ ರೋಧಗಳನ್ನು ಅದಲು ಬದಲು ಮಾಡಿ ಇನ್ನೊಮ್ಮೆ ಅಳೆದಳು. ಯಾರೂ ಹೇಳಿಕೊಡದೆ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನೋಡಿ ನನಗೆ ಎದೆ ತುಂಬಿ ಬಂದಿತ್ತು.

ಸೊನ್ನೆಯ ಜಾಗ ನಡುವಿನಲ್ಲೇ ಯಾಕೆ ಇರಬೇಕು? ಪರೀಕ್ಷಕರು ಕೇಳಿದ್ದು ಇಷ್ಟೇ, ಮಲಯಾಳಂನಲ್ಲಿ. ಪ್ರಶ್ನೆ ಅವಳಿಗೆ ಅರ್ಥವಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. "ಪೇಡಿಕ್ಕಂಡ, ಪರಞ್ಞೋ", ಹೆದರಬೇಡ, ಹೇಳು ಎಂದು ಅವರು ಧೈರ್ಯ ತುಂಬಿದರು. ಅವಳು ಇಂಗ್ಲಿಷಿನ ಎರಡು ಶಬ್ದ ಹೇಳಿ ನಿಂತುಬಿಟ್ಟಳು. ಅವರ ಪೆನ್ನು ಅಂಕದ ಹಾಳೆಯ ಮೇಲೆ ಬಂದಾಗ, ನಿಮ್ಮ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಬಹುದೇ ಎಂದು ಅನುಮತಿ ಬೇಡಿದೆ. ಅವರು ಒಪ್ಪಿದರು. ಹುಡುಗಿ ಒಂದೇ ಉಸಿರಿಗೆ ಹೇಳಿದಳು: ಅಳತೆಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೂ ನಡುವಿನಲ್ಲಾದರೆ ಉತ್ತರ ಹೆಚ್ಚು ಕೆಡುವುದಿಲ್ಲ, ತುದಿಯಲ್ಲಾದರೆ ಕೆಡುತ್ತದೆ. ಎಷ್ಟು ಕೆಡುತ್ತದೆ ಎಂದು ಕೇಳಿದ್ದಕ್ಕೆ ಕಾಗದದಲ್ಲಿ ಲೆಕ್ಕ ಮಾಡಿಯೇ ತೋರಿಸಿದಳು. 50ರಲ್ಲಿ ಶೇಕಡಾ 0.4, 10ರಲ್ಲಿ ಶೇಕಡಾ 1.1. ಅನುವಾದ ಬೇಕಾಗಲಿಲ್ಲ, ಪರೀಕ್ಷಕರು ಅಂಕೆಗಳನ್ನು ನೋಡಿ ತಲೆದೂಗಿದರು, ಪೂರ್ತಿ ಅಂಕ ಕೊಟ್ಟರು.

ಅನುಮತಿ ಸಿಕ್ಕಿದ್ದು ಅವರ ದೊಡ್ಡ ಮನಸ್ಸಿನಿಂದ. ನನ್ನನ್ನು ಕಾಡುವುದು ಅದೇ. ಸರ್ಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಲು ನಮಗೆ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಆಧಾರವಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದು 1956ರಲ್ಲಿ, ನಮ್ಮ ತಾಲೂಕು ಕೇರಳಕ್ಕೆ ಹೋದ ವರ್ಷದಲ್ಲೇ. ಆದರೆ ಆ ವಿಧಿ ಮಾತಾಡುವುದು ಪ್ರಾಥಮಿಕ ಹಂತದ ಬಗ್ಗೆ. ಹನ್ನೆರಡನೆಯ ತರಗತಿಯ ಲ್ಯಾಬಿನಲ್ಲಿ ನಿಂತ ಮಗು ಯಾವ ಭಾಷೆಯಲ್ಲಿ ಉತ್ತರಿಸಬೇಕೆನ್ನುವುದು ಆ ದಿನ ಬಂದ ಪರೀಕ್ಷಕರ ಸ್ವಭಾವದ ಮೇಲೆ ನಿಂತಿದೆ. ಪ್ರಾಕ್ಟಿಕಲ್ ಎನ್ನುವುದು ನಮ್ಮ ಮಕ್ಕಳು ಭಾಷೆಯ ಹಂಗಿಲ್ಲದೆ ಕೈಯಿಂದಲೇ ತಮ್ಮ ಬುದ್ಧಿ ತೋರಿಸಬಹುದಾದ ಪರೀಕ್ಷೆ. ಅಲ್ಲಿಯೂ ಕೊನೆಯ ಐದು ನಿಮಿಷದಲ್ಲಿ ಭಾಷೆ ಅಡ್ಡ ಬರುವುದು ಅನ್ಯಾಯ.

ಇದನ್ನು ಮಲಯಾಳಂ ವಿರೋಧ ಎಂದು ಯಾರೂ ತಿಳಿಯಬೇಡಿ. ನನ್ನನ್ನು ತೆಂಕಣ ಶಾಲೆಗಳಿಗೆ ಪರೀಕ್ಷಕನಾಗಿ ಹಾಕಿದಾಗ ನಾನು ಮಲಯಾಳಂನಲ್ಲೇ ಕೇಳುತ್ತೇನೆ. ನೀಲೇಶ್ವರದ ಮಗು ಕನ್ನಡದಲ್ಲಿ ಉತ್ತರಿಸಲಿ ಎಂದು ಬಯಸುವುದು ಎಷ್ಟು ಅಸಂಬದ್ಧವೋ, ಮುಳ್ಳೇರಿಯದ ಮಗು ಮಲಯಾಳಂನಲ್ಲಿ ತಡವರಿಸಿದರೆ ಅಂಕ ಕಳೆಯುವುದೂ ಅಷ್ಟೇ ಅಸಂಬದ್ಧ.

ದೊಡ್ಡ ಹೋರಾಟವೇನೂ ಬೇಡ. ಕನ್ನಡ ಬಲ್ಲ ಫಿಸಿಕ್ಸ್ ಅಧ್ಯಾಪಕರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇದ್ದಾರೆ. ಅವರನ್ನು ಶಾಲೆಯಿಂದ ಶಾಲೆಗೆ ಅದಲು ಬದಲು ಮಾಡಿ ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದ ಕಡೆ, ಮಗು ಕೇಳಿಕೊಂಡರೆ ಪ್ರಶ್ನೆಯನ್ನು ಅದು ಹತ್ತನೆಯವರೆಗೆ ಕಲಿತ ಭಾಷೆಯಲ್ಲಿ ಕೇಳಬೇಕು ಎಂದು ಪರೀಕ್ಷಕರಿಗೆ ಕೊಡುವ ಸೂಚನೆಯಲ್ಲಿ ಒಂದು ಸಾಲು ಸೇರಿಸಲಿ. ಪರೀಕ್ಷಕರ ಪಟ್ಟಿ ತಯಾರಾಗುವಾಗ ಹೆಸರು, ವಿಷಯ, ಶಾಲೆಯ ಪಕ್ಕದಲ್ಲಿ ಬಲ್ಲ ಭಾಷೆಗಳು ಎಂಬ ಒಂದು ಕಾಲಂ ಇರಲಿ. ಮುಂದಿನ ಪರೀಕ್ಷೆಯೊಳಗೆ ಇಷ್ಟಾಗಬೇಕೆಂದು ಅರ್ಜಿ ಬರೆದಿದ್ದೇನೆ, ಕನ್ನಡದಲ್ಲೇ. ಸಹಿ ಹಾಕಲು ಮುಂದೆ ಬಂದ ಸಹೋದ್ಯೋಗಿಗಳಲ್ಲಿ ಮಲಯಾಳಿಗಳೂ ಇದ್ದಾರೆ.