ಸ್ಲೈಡಿಗೆ ಹಿಡಿಸದ ಎತ್ತು

ಹೋದ ವರ್ಷ ಜೂನ್‌ನ ಒಂದು ಶನಿವಾರ, ರಾತ್ರಿ ಹನ್ನೊಂದೂವರೆ ಹೊತ್ತಿಗೆ ನಾನು ವಿಶ್ರಾಂತಿಯ ಬಗ್ಗೆ ಪಾಠ ತಯಾರು ಮಾಡ್ತಾ ಕೂತಿದ್ದೆ. ನಗಬೇಡಿ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಹತ್ತು ಆಜ್ಞೆಗಳ ಪಾಠ ನಡೀತಿತ್ತು, ವಾರಕ್ಕೊಂದು ಆಜ್ಞೆ. ಮರುದಿನ ನಾಲ್ಕನೆಯದು, ಸಬ್ಬತ್ ದಿನದ್ದು. (ಕ್ಯಾಥೋಲಿಕ್ ಗೆಳೆಯರ ಲೆಕ್ಕದಲ್ಲಿ ಇದು ಮೂರನೆಯದು. ಎಷ್ಟನೆಯದಾದರೂ ಮೀರುವುದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ.) ಲ್ಯಾಪ್‌ಟಾಪಿನಲ್ಲಿ ಒಂದು ಕಡೆ ಸೋಮವಾರದ ರಿಲೀಸ್ ಶೀಟು, ಇನ್ನೊಂದು ಕಡೆ ಮಕ್ಕಳ ಸ್ಲೈಡು. ಫೋನಿನಲ್ಲಿ ಕಾಯರ್ ಗುಂಪಿನವರು ನಾಳೆ ಬಿಳಿ ಸೀರೆಯಾ, ಕ್ರೀಮ್ ಸೀರೆಯಾ ಅಂತ ವಾದ ಮಾಡ್ತಿದ್ರು.

ಈ ಆಜ್ಞೆ ಸ್ವಲ್ಪ ಉದ್ದ. ಕೊಲೆ, ಕಳ್ಳತನದ ಆಜ್ಞೆಗಳ ಹಾಗೆ ಎರಡು ಪದದಲ್ಲಿ ಮುಗಿಯಲ್ಲ. ಧರ್ಮೋಪದೇಶಕಾಂಡದಲ್ಲಿ ಯಾರು ಯಾರು ಆ ದಿನ ಕೆಲಸ ಮಾಡಬಾರದು ಅನ್ನೋದರ ಪಟ್ಟಿಯೇ ಇದೆ. ನೀನು, ನಿನ್ನ ಮಗ, ಮಗಳು ಅಂತ ಶುರುವಾಗಿ ದಾಸ, ದಾಸಿ, ಎತ್ತು, ಕತ್ತೆ, ಮಿಕ್ಕ ದನಕರು, ಊರಿನಲ್ಲಿರುವ ಪರದೇಶದವನು, ಹೀಗೆ ಹೋಗುತ್ತೆ. ನನ್ನ ಸ್ಲೈಡಿನಲ್ಲಿ ಅಷ್ಟು ಜಾಗ ಇರಲಿಲ್ಲ. ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದ್ದೆ, ಬಲಗಡೆ ಒಂದು ಸೂರ್ಯೋದಯದ ಚಿತ್ರ ಬೇರೆ. ಮಗಳು ಅನ್ನೋವರೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಮಲಗಿದೆ.

ಆಗ ನನ್ನ ಭಾನುವಾರ ಹೇಗಿತ್ತು ಅಂದ್ರೆ, ಐದೂವರೆಗೆ ಏಳೋದು, ಏಳಕ್ಕೆ ಕಾಯರ್ ಅಭ್ಯಾಸ, ಆಮೇಲೆ ಆರಾಧನೆ, ಅದು ಮುಗಿದ ಕೂಡಲೇ ಸಂಡೇ ಸ್ಕೂಲ್, ನಂತರ ಒಂದಲ್ಲ ಒಂದು ಕಮಿಟಿ ಮೀಟಿಂಗು. ಮಧ್ಯಾಹ್ನ ಯುವಜನರ ಕೂಟ. ಸಂಜೆ ಆಸ್ಪತ್ರೆಯಲ್ಲಿ ಯಾರಾದರೂ ಇದ್ದರೆ ನೋಡಿಬರೋದು. ರಾತ್ರಿ ಮನೆಗೆ ಬಂದು ಸೋಫಾದ ಮೇಲೆ ಚಪ್ಪಲಿ ಸಮೇತ ಬೀಳ್ತಿದ್ದೆ. ಸೋಮವಾರ ಬೆಳಗ್ಗೆ ಆಫೀಸಿನ ಕಾಲ್‌ನಲ್ಲಿ ಯಾರಾದರೂ ವೀಕೆಂಡ್ ಹೇಗಿತ್ತು ಅಂತ ಕೇಳಿದರೆ ‘ಬ್ಯುಸಿ’ ಅಂತಿದ್ದೆ, ಅದೂ ಒಂಥರಾ ಹೆಮ್ಮೆಯಿಂದ. ಆಫೀಸಿನ ಬ್ಯುಸಿ ಲೌಕಿಕ, ನನ್ನ ಭಾನುವಾರದ ಬ್ಯುಸಿ ಪಾರಮಾರ್ಥಿಕ ಅನ್ನೋ ನಂಬಿಕೆ.

ಆ ಶನಿವಾರ ಸಂಜೆ ನಡೆದಿದ್ದನ್ನು ಹೇಳಬೇಕು. ನಮ್ಮ ಮನೆಗೆ ಅಡುಗೆಗೆ, ಪಾತ್ರೆಗೆ ಬರೋ ಅಕ್ಕ ಚಪ್ಪಲಿ ಹಾಕಿಕೊಳ್ತಾ, ‘ಮೇಡಂ, ಇನ್ಮೇಲೆ ಭಾನುವಾರ ಬರಕ್ಕಾಗಲ್ಲ. ಮಗಳು ಹಾಸ್ಟೆಲಿಂದ ಅವತ್ತೊಂದು ದಿನಾನೇ ಮನೆಗೆ ಬರೋದು’ ಅಂದರು. ನಾನು ತಕ್ಷಣ, ‘ಅಯ್ಯೋ ಅಕ್ಕ, ಬೇರೆ ಯಾವ ದಿನ ಬೇಕಾದ್ರೂ ತಗೊಳ್ಳಿ. ಭಾನುವಾರ ಮಾತ್ರ ಕೇಳ್ಬೇಡಿ, ನಂಗೆ ಚರ್ಚ್ ಇರುತ್ತೆ’ ಅಂದೆ. ಅವರು ‘ಸರಿ ಮೇಡಂ’ ಅಂದು ಹೋದರು. ಆ ‘ಸರಿ’ಯಲ್ಲಿ ಏನೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಾಗಿಲು ಹಾಕಿಕೊಂಡು ನಾನು ಗಂಡನಿಗೆ ಹೇಳಿದ್ದು ಇನ್ನೂ ನೆನಪಿದೆ: ‘ಈಗಿನವರಿಗೆ ಕೆಲಸ ಮಾಡೋಕೆ ಸೋಮಾರಿತನ.’

ಮರುದಿನ ಕ್ಲಾಸಿನಲ್ಲಿ ಒಬ್ಬ ಹುಡುಗ, ಒಂಬತ್ತನೇ ಕ್ಲಾಸಿನವನಿರಬೇಕು, ತನ್ನ ಬೈಬಲ್ ತೆರೆದು ಸ್ಲೈಡಿನ ಜೊತೆ ತಾಳೆ ನೋಡ್ತಿದ್ದ. ‘ಆಂಟಿ, ನೀವು ಎತ್ತನ್ನ ಬಿಟ್ಬಿಟ್ಟಿದ್ದೀರ’ ಅಂದ. ಎಲ್ಲರೂ ನಕ್ಕರು. ಬೆಂಗಳೂರಲ್ಲಿ ಎತ್ತು ಎಲ್ಲಿ ತರಲಪ್ಪ ಅಂತ ನಾನೂ ನಕ್ಕೆ. ಪಕ್ಕದ ಹುಡುಗಿ ಇಣುಕಿ ನೋಡಿ, ‘ದಾಸಿನೂ ಬಿಟ್ಟಿದ್ದಾರೆ ಕಣೋ’ ಅಂದಳು. ಈಗ ಆ ಕಾಲ ಅಲ್ವಲ್ಲ, ದಾಸ ದಾಸಿಯರು ಯಾರೂ ಇಲ್ಲ ಅಂತ ಏನೋ ಹೇಳಿ ಮುಂದಿನ ಸ್ಲೈಡಿಗೆ ಹೋದೆ. ಅದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಅಕ್ಕ, ಮಧ್ಯಾಹ್ನದ ಯುವಜನರ ಕೂಟಕ್ಕೆಂದು ನಾನು ಒಪ್ಪಿಕೊಂಡು ಬಂದಿದ್ದ ನಲವತ್ತು ಜನರ ಪಲಾವಿಗೆ ಈರುಳ್ಳಿ ಹೆಚ್ಚುತ್ತಿದ್ದರು.

ಎತ್ತು ಅಂದ ಕೂಡಲೇ ನನಗೆ ನೆನಪಾಗೋದು ತಾತ. ಗುಬ್ಬಿ ಕಡೆಯ ಹಳ್ಳಿ ನಮ್ಮದು. ತಾತನಿಗೆ ಸ್ವಲ್ಪ ರಾಗಿ ಹೊಲ, ಒಂದು ಜೊತೆ ಎತ್ತು. ಹಳ್ಳಿಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿರಲಿಲ್ಲ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿಗೆ ಬಿಡುವು. ನಮ್ಮದು ಕ್ರೈಸ್ತರ ಮನೆ, ಭಾನುವಾರ ಆರಾಧನೆ, ಅವತ್ತು ತಾತ ಹೊಲಕ್ಕೆ ಹೋಗ್ತಿರಲಿಲ್ಲ. ಹಾಗಾಗಿ ನಮ್ಮ ಎತ್ತುಗಳಿಗೆ ವಾರಕ್ಕೆ ಎರಡು ದಿನ ರಜೆ. ಇವತ್ತಿನ ಐಟಿಯವರಿಗಿಂತ ಮೊದಲೇ ಫೈವ್ ಡೇ ವೀಕ್ ಕಂಡ ಎತ್ತುಗಳು ಅವು. ಹದ ತಪ್ಪುತ್ತೆ, ಸೋಮವಾರವಾದರೂ ಹೂಡಿ, ಬಸವಣ್ಣ ನಮ್ಮ ದೇವರಲ್ವಲ್ಲ ಅಂತ ಚಿಕ್ಕಪ್ಪ ವಾದ ಮಾಡಿದ್ದರಂತೆ. ತಾತ, ‘ಭಾನುವಾರ ನಮ್ದು, ಸೋಮವಾರ ಅವುದ್ದು. ಅವುದ್ದನ್ನ ಕಿತ್ಕೊಳಕ್ಕೆ ನೀನ್ಯಾರ್ಲಾ’ ಅಂದರಂತೆ. ಈ ಕತೆಯನ್ನ ನಮ್ಮ ಮನೆಯಲ್ಲಿ ತಾತನ ಹಟಕ್ಕೆ ಉದಾಹರಣೆಯಾಗಿ ಹೇಳ್ತಾ ಇದ್ದರು. ನಾನೂ ಹಾಗೇ ತಿಳಿದುಕೊಂಡಿದ್ದೆ. ತಾತ ಸ್ಲೈಡು ಮಾಡಿದವರಲ್ಲ, ಓದಿದ್ದು ನಾಲ್ಕನೇ ಕ್ಲಾಸು. ಪಟ್ಟಿಯಲ್ಲಿ ಎತ್ತು ಇರೋದು ಅವರಿಗೆ ಗೊತ್ತಿತ್ತು.

ಆ ರಾತ್ರಿ ಪಟ್ಟಿಯನ್ನ ಪೂರ್ತಿ ಓದಿದೆ, ಅದರ ಮುಂದಿನ ಮಾತನ್ನೂ. ವಿಮೋಚನಕಾಂಡದಲ್ಲಿ ಇದೇ ಆಜ್ಞೆಗೆ ಕೊಡೋ ಕಾರಣ ಸೃಷ್ಟಿ: ದೇವರು ಆರು ದಿನ ದುಡಿದು ಏಳನೇ ದಿನ ವಿಶ್ರಮಿಸಿದ. ಧರ್ಮೋಪದೇಶಕಾಂಡ ಕೊಡೋ ಕಾರಣ ಬೇರೆ. ನೀವು ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಅದನ್ನ ಮರೀಬೇಡಿ ಅನ್ನುತ್ತೆ. ಐಗುಪ್ತದಲ್ಲಿ ಏನಾಗಿತ್ತು ಅಂತ ನೋಡೋಕೆ ಹಿಂದಕ್ಕೆ ಹೋದೆ. ಅಲ್ಲಿ ಇಟ್ಟಿಗೆಯ ಲೆಕ್ಕ. ದೇವರ ಆರಾಧನೆಗೆ ಮೂರು ದಿನದ ಹಾದಿ ಹೋಗಿಬರ್ತೀವಿ ಅಂತ ಮೋಶೆ, ಆರೋನರು ಕೇಳಿದ್ದಕ್ಕೆ ಫರೋಹ ಹುಲ್ಲು ಕೊಡೋದನ್ನ ನಿಲ್ಲಿಸಿ, ಇಟ್ಟಿಗೆಯ ಸಂಖ್ಯೆ ಮಾತ್ರ ಕಮ್ಮಿ ಆಗಬಾರದು ಅಂದ. ಟಾರ್ಗೆಟ್ ಅದೇ, ಬಜೆಟ್ ಕಟ್. ನಾವೆಲ್ಲ ನೋಡಿರೋ ಮ್ಯಾನೇಜರೇ. ಆದರೆ ನಾನು ನಿಂತಿದ್ದು ಆಮೇಲಿನ ಮಾತಿನಲ್ಲಿ. ಜನ ಬಂದು ಗೋಗರೆದಾಗ ಅವನು ಹೇಳೋದು, ನೀವು ಸೋಮಾರಿಗಳು, ಅದಕ್ಕೇ ರಜೆ ಕೇಳ್ತಿದ್ದೀರಿ ಅಂತ. ಹಿಂದಿನ ಸಂಜೆ ಬಾಗಿಲು ಹಾಕಿಕೊಂಡು ನಾನಾಡಿದ ಮಾತು. ಇಷ್ಟು ವರ್ಷ ಆ ಕತೆ ಓದುವಾಗ ನಾನು ಇಸ್ರಾಯೇಲ್ಯರ ಕಡೆಯವಳು ಅಂದುಕೊಂಡೇ ಓದಿದ್ದೆ.

ನಮ್ಮ ದೇಶದಲ್ಲಿ ಭಾನುವಾರದ ರಜೆ ಬ್ರಿಟಿಷರು ತಮ್ಮ ಚರ್ಚಿಗಾಗಿ ತಂದು, ಮಿಕ್ಕವರಿಗೂ ಪುಕ್ಕಟೆಯಾಗಿ ಸಿಕ್ಕಿದ್ದು ಅಂತ ನಾನು ತಿಳಿದಿದ್ದೆ. ದೊಡ್ಡ ಸಾಹೇಬರಿಗೆ ಹಾಗೆ ಸಿಕ್ಕಿರಬಹುದು. ಮುಂಬೈಯ ಗಿರಣಿ ಕೆಲಸಗಾರರಿಗೆ ಸಿಕ್ಕಿದ್ದು 1890ರಲ್ಲಿ, ವರ್ಷಗಟ್ಟಲೆ ಕೇಳಿ ಕೇಳಿ. ಆ ಹೋರಾಟದ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಜೊತೆಗಿದ್ದವರು. ಭಾನುವಾರವೇ ಯಾಕೆ ಅನ್ನೋದಕ್ಕೆ ಅವರು ಕೊಟ್ಟ ಒಂದು ಕಾರಣ ಅದು ಖಂಡೋಬನ ವಾರ ಅಂತ. ಖಂಡೋಬ ಅಂದರೆ ನಮ್ಮ ಕಡೆಯ ಮೈಲಾರಲಿಂಗ. ಅಂದರೆ ಈ ದಿನದ ಮೇಲೆ ನನ್ನದೊಬ್ಬಳದೇ ಹಕ್ಕೇನಿಲ್ಲ. ಅಕ್ಕ ಮನೆದೇವರ ಹೆಸರು ಹೇಳಿ ಕೇಳಿದ್ದರೆ ಕೊಡ್ತಿದ್ದೆನೋ ಏನೋ. ಮಗಳ ಹೆಸರು ಹೇಳಿದ್ದಕ್ಕೆ ಇಲ್ಲ ಅಂದೆ.

ಅಕ್ಕನಿಗೆ ಭಾನುವಾರ ಬಿಡು ಕೊಟ್ಟೆ, ಸಂಬಳ ಕಡಿಯದೆ. ಇದನ್ನ ದೊಡ್ಡಸ್ತಿಕೆ ಅಂತ ಹೇಳ್ತಿಲ್ಲ, ತಡವಾಗಿ ಕೊಟ್ಟ ಬಾಕಿ. ಆದರೆ ಕೊಟ್ಟ ಮೇಲೆ ಗೊತ್ತಾಯ್ತು, ನನ್ನ ಸೇವೆಯೆಲ್ಲ ಅವರ ಬೆನ್ನ ಮೇಲೆ ನಿಂತಿತ್ತು ಅಂತ. ಅಕ್ಕ ಇಲ್ಲ ಅಂದರೆ ಪಲಾವ್ ಇಲ್ಲ. ಪಲಾವ್ ಇಲ್ಲ ಅಂದರೆ ಯುವಜನರ ಕೂಟದ ಕಾರ್ಯದರ್ಶಿ ಪಟ್ಟ ಕಷ್ಟ. ಎರಡು ವಾರ ಒದ್ದಾಡಿ ಅಯ್ಯನವರ ಹತ್ತಿರ ಹೋದೆ. ಕಾಯರ್ ಒಂದನ್ನ ಇಟ್ಟುಕೊಳ್ತೀನಿ, ಮಿಕ್ಕಿದ್ದನ್ನೆಲ್ಲ ಬಿಡ್ತೀನಿ ಅಂದೆ. ‘ಹಾಗನ್ನಬೇಡಮ್ಮ, ನೀನಿಲ್ಲದೆ ಹೇಗೆ’ ಅಂತಾರೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಳ್ತಾ, ‘ಆಯ್ತಮ್ಮ, ಯಾರಾದ್ರೂ ಸಿಗ್ತಾರೆ’ ಅಂದರು.

ಅಷ್ಟೇ. ಆಟೋದಲ್ಲಿ ಬರುವಾಗ ಅತ್ತೆ. ಸಿಕ್ಕೂ ಬಿಟ್ಟರು, ಎರಡೇ ವಾರದಲ್ಲಿ. ಆ ಹುಡುಗಿ ಪಲಾವ್ ಬದಲು ಬಿಸ್ಕೆಟ್ ಟೀ ಮಾಡಿದಳು, ಯಾರೂ ತಕರಾರು ಮಾಡಲಿಲ್ಲ. ಆಫೀಸಿನಲ್ಲಿ ನಾನು ರಜೆ ಹಾಕಿದ ದಿನ ರಿಲೀಸ್ ಸುಸೂತ್ರ ಆದಾಗ ಆಗೋ ಕಸಿವಿಸಿ ಇದೆಯಲ್ಲ, ಅದೇ ಇಲ್ಲೂ ಆಯ್ತು. ಎರಡು ಕಡೆಯ ಬ್ಯುಸಿಗೂ ಒಂದೇ ಬೇರು.

ಇನ್ನೊಂದು ವಿಷಯ ಹೇಳೋಕೆ ಸಂಕೋಚ. ಬಿಡುವಾದ ಮೊದಲ ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ, ಸ್ವಲ್ಪ ಹೊತ್ತು ಪ್ರಾರ್ಥನೆ ಮಾಡೋಣ ಅಂತ ಕೂತೆ. ಬಾಯಿಗೆ ಬಂದಿದ್ದೆಲ್ಲ ಮೈಕಿನ ಮಾತು. ‘ಇಲ್ಲಿ ಕೂಡಿಬಂದಿರುವ ನಮ್ಮೆಲ್ಲರನ್ನೂ’ ಅಂತ ಶುರು ಮಾಡಿದ್ದೆ, ಕೂಡಿಬಂದಿದ್ದು ನಾನೊಬ್ಬಳು ಮತ್ತು ಫ್ರಿಜ್ಜಿನ ಸದ್ದು. ನಾನೊಬ್ಬಳೇ ದೇವರ ಜೊತೆ ಮಾತಾಡಿ ಎಷ್ಟು ಕಾಲ ಆಗಿತ್ತೋ. ಸುಮ್ಮನೆ ಕೂತೆ. ಐದು ನಿಮಿಷಕ್ಕೆ ನಿದ್ದೆ ಬಂತು, ಎರಡು ಗಂಟೆ ಮಲಗಿದೆ. ಮೊದಲಾಗಿದ್ದರೆ ಅದಕ್ಕೂ ಅಪರಾಧಿ ಭಾವ ಬರ್ತಿತ್ತು. ಆದರೆ ಎಲೀಯ ಸಾಕಾಯ್ತು, ಸಾಯ್ತೀನಿ ಅಂತ ಗಿಡದ ನೆರಳಲ್ಲಿ ಬಿದ್ದುಕೊಂಡಾಗ ದೇವದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ.

ಇದನ್ನ ಓದಿ ನೀವು ನನ್ನ ಭಾನುವಾರ ಈಗ ಪ್ರಶಾಂತವಾಗಿದೆ ಅಂದುಕೊಂಡರೆ ತಪ್ಪು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಊಟಕ್ಕೂ ಪುರಸೊತ್ತಿಲ್ಲದ ಶಿಷ್ಯರನ್ನ ಯೇಸು ಏಕಾಂತ ಸ್ಥಳಕ್ಕೆ ಹೋಗಿ ಸುಧಾರಿಸಿಕೊಳ್ಳೋಣ ಅಂತ ಕರೆದುಕೊಂಡು ಹೋಗ್ತಾನೆ. ದೋಣಿ ದಡ ಮುಟ್ಟೋ ಹೊತ್ತಿಗೆ ಜನ ಓಡಿಬಂದು ಅಲ್ಲಿ ನಿಂತಿದ್ದಾರೆ. ಐದು ಸಾವಿರ ಗಂಡಸರಿಗೆ ಊಟ ಬಡಿಸಿದ್ದು ಅವತ್ತೇ. ಪಾಪ ಆ ಶಿಷ್ಯರಿಗೆ ಸಿಕ್ಕ ವಿಶ್ರಾಂತಿ ದೋಣಿಯಲ್ಲಿ ಕೂತಷ್ಟು ಹೊತ್ತು. ನನಗೂ ಒಂದು ಭಾನುವಾರ ಆಫೀಸಿನಿಂದ ಫೋನು, ಇನ್ನೊಂದು ಭಾನುವಾರ ಕ್ವಾಯರಿನವರ ಮದುವೆ. ಸಿಕ್ಕಷ್ಟು ದೋಣಿಯಲ್ಲಿ ಕೂರ್ತೀನಿ. ಆನ್‌ಲೈನಲ್ಲಿ ಬಿರಿಯಾನಿ ತರಿಸೋದನ್ನ ಅವತ್ತು ಬಿಟ್ಟಿದ್ದೀವಿ, ಅದನ್ನ ತರೋ ಹುಡುಗ ಪಟ್ಟಿಯಲ್ಲಿ ಎಲ್ಲಿ ಬರ್ತಾನೆ ಅಂತ ಗಂಡ ಕೇಳಿದ ಮೇಲೆ. ಅವನ ಸಂಪಾದನೆಗೆ ಇದರಿಂದ ಕಲ್ಲು ಬೀಳಲ್ವಾ ಅನ್ನೋ ಪ್ರಶ್ನೆಗೆ ಇಬ್ಬರಲ್ಲೂ ಉತ್ತರ ಇಲ್ಲ. ಹಿಂದಿನ ದಿನದ ಸಾರಿಗೆ ಬಿಸಿ ಅನ್ನ, ಹಪ್ಪಳ.

ಮೊನ್ನೆ ಸೋಮವಾರ ಅಕ್ಕನನ್ನ ಕೇಳಿದೆ, ನಿನ್ನೆ ಏನು ಮಾಡಿದ್ರಿ ಅಂತ.

‘ಏನಿಲ್ಲ ಮೇಡಂ. ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚ್ದೆ. ಇಬ್ರೂ ಮಲ್ಕೊಂಡ್ವಿ. ಎದ್ದಾಗ ಕತ್ಲೆ ಆಗ್ಬಿಟ್ಟಿತ್ತು.’ ಆಮೇಲೆ, ‘ನೀವು?’

‘ನಾನು ಪಾತ್ರೆ ತೊಳೆದೆ.’

ಅಕ್ಕ ಸಿಂಕಿನ ಪಕ್ಕ ಬೋರಲು ಹಾಕಿದ್ದ ಬಾಣಲೆಯನ್ನ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳದೆ ಸೋಪು ಹಚ್ಚಿ ಇನ್ನೊಂದು ಸಲ ಉಜ್ಜೋಕೆ ಶುರು ಮಾಡಿದರು.