ಎಂಜಿನ್ ಜೋಡಿ ಮತ್ತೇನು ನಿಂತಿತ್ತು?

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಓಡುತ್ತ ಓಡುತ್ತ ತಟ್ಟನೆ ನಿಂತು, ಮರುಗಳಿಗೆಗೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುವ ಕಾರು ಮಾತ್ರ ಮಾಲೀಕನನ್ನೂ ಮೆಕ್ಯಾನಿಕ್ಕನ್ನೂ ಒಟ್ಟಿಗೇ ಸೋಲಿಸುತ್ತದೆ. ಗ್ಯಾರೇಜಿಗೆ ಒಯ್ದ ದಿನ ಅದು ಚೆನ್ನಾಗಿಯೇ ಇರುತ್ತದೆ. ಎದುರಿಗೆ ಕಾಣದ ದೋಷವನ್ನು ಯಾರಾದರೂ ಹೇಗೆ ಹುಡುಕಬೇಕು? ನನ್ನ ಹಳೆಯ ಮಾರುತಿ 800 ಹೀಗೇ ಕಾಡಿತು. ದೋಷ ಸಣ್ಣದಿತ್ತು. ಅದನ್ನು ಹುಡುಕುವಾಗ ನಾನು ನಡೆದುಕೊಂಡ ರೀತಿ ಮಾತ್ರ ಸಣ್ಣ ತಪ್ಪಲ್ಲ. ನಮ್ಮ ಭಾಗದ ಅನೇಕ ಮನೆಗಳಲ್ಲಿ ಇಂಥ ಕಾರುಗಳು ಇನ್ನೂ ಓಡುತ್ತಿವೆ. ಅವರಿಗಾದರೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮನೆ ಗಡಹಿಂಗ್ಲಜ್‌ನಲ್ಲಿ, ಮಗ್ಗದ ಶೆಡ್ಡು ಇಚಲಕರಂಜಿಯಲ್ಲಿ. ಮಹಾರಾಷ್ಟ್ರದಲ್ಲಿ ಹೊರಟು, ಸಂಕೇಶ್ವರ, ನಿಪ್ಪಾಣಿ ಎಂದು ಕರ್ನಾಟಕ ದಾಟಿ, ಬೋರಗಾಂವ್ ಮೇಲಿಂದ ಮತ್ತೆ ಮಹಾರಾಷ್ಟ್ರಕ್ಕೆ ಸೇರುವ ದಾರಿ. ಬಿಡಿಭಾಗ ಬೇಕೆಂದರೆ ಕೊಲ್ಹಾಪುರದ ಶಿವಾಜಿ ಉದ್ಯಮನಗರ. ಯಂತ್ರ ಬಲ್ಲವರಿಗೆ ಈ ಸೀಮೆಯಲ್ಲಿ ಬರವಿಲ್ಲ. 1904ರಲ್ಲೇ ಯಂತ್ರಮಗ್ಗ ಕಂಡ ಊರು ಇಚಲಕರಂಜಿ. ಶಿರೋಲಿ, ಗೋಕುಳ ಶಿರಗಾಂವ್‌ಗಳ ಫೌಂಡ್ರಿಗಳಲ್ಲಿ ದೇಶದ ವಾಹನ ಕಂಪನಿಗಳಿಗೆ ಎರಕದ ಭಾಗಗಳು ತಯಾರಾಗುತ್ತವೆ. ಇಂಥವರ ನಡುವೆ ಇದ್ದೂ ನಾನು ಕೇಳಬೇಕಾದ ಪ್ರಶ್ನೆಯನ್ನು ಯಾರಲ್ಲೂ ಕೇಳಲಿಲ್ಲ.

ಮಾರುತಿ 800 ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯವರೆಗೆ ತಯಾರಾದ, 796 ಸಿಸಿಯ ಮೂರು ಸಿಲಿಂಡರಿನ ಕಾರು. ನನ್ನದು ಕಾರ್ಬೊರೇಟರ್ ಇರುವ ಹಳೆಯ ಮಾದರಿ. ಪೆಟ್ರೋಲ್ ಎಳೆಯುವ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ, ಎಂಜಿನ್ ತಿರುಗಿದರೆ ಅದೂ ಬಡಿಯುತ್ತದೆ. ಎಂಜಿನ್ ಓಡಲು ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ. ಇವುಗಳಲ್ಲಿ ಒಂದು ತಪ್ಪಿದರೂ ನಿಂತಿತು.

ಮೊದಲ ಸಲ ನಿಂತದ್ದು ಏಪ್ರಿಲ್ ಬಿಸಿಲಲ್ಲಿ, ನಿಪ್ಪಾಣಿಯ ಹತ್ತಿರ. ಬಾನೆಟ್ ಎತ್ತಿದರೆ ಮುಖಕ್ಕೆ ಬೆಂಕಿ ಬಡಿದಂಥ ಶಾಖ. ಬಿಸಿಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಹರಿವು ಕಟ್ಟಿದೆ ಎಂದು ತೀರ್ಮಾನಿಸಿದೆ. ಹಳೆಯ ಡ್ರೈವರುಗಳು ಮಾಡುತ್ತಿದ್ದುದು ನೆನಪಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಕಾದು, ಕೀಲಿಕೈ ತಿರುವಿದೆ. ಕಾರು ಚಾಲೂ ಆಯಿತು. ಅಂದಿನಿಂದ ನನ್ನ ತೀರ್ಮಾನ ಕಲ್ಲಿನಲ್ಲಿ ಕೆತ್ತಿದಂತೆ ಕೂತುಬಿಟ್ಟಿತು. ಹಿಂದಿನ ಸೀಟಿನ ಕೆಳಗೆ ನೀರಿನ ಬಾಟಲಿ, ಹಳೆಯ ಟವೆಲು ಕಾಯಂ ಆದವು. ಪ್ರತಿ ಸಲವೂ ಒದ್ದೆ ಬಟ್ಟೆಗೆ ಕಾರು ಓಗೊಟ್ಟಿತು. ಪ್ರತಿ ಸಲವೂ ನಾನು ಕೀಲಿಕೈಯನ್ನೂ ತಿರುವುತ್ತಿದ್ದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ನಮ್ಮೂರಿನ ಮೆಕ್ಯಾನಿಕ್ ಕಾಕಾ ತಂದೆಯ ಕಾಲದಿಂದ ನಮ್ಮ ಗಾಡಿ ನೋಡಿದವರು. ಅವರಿಗೆ ಕಾರು ನಿಲ್ಲುತ್ತಿದೆ ಎಂದು ಹೇಳಿ ಸುಮ್ಮನಾಗಲಿಲ್ಲ, ಪಂಪು ಹೋಗಿದೆ ಎಂದೂ ನಾನೇ ಹೇಳಿದೆ. ಪಂಪು ಬದಲಾಯಿತು. ಸ್ವಲ್ಪ ಕಾಲ ಕಾರು ಚೆನ್ನಾಗಿ ಓಡಿ ಮತ್ತೆ ನಿಂತಿತು. ಕಾರ್ಬೊರೇಟರ್ ಬಿಚ್ಚಿ ತೊಳೆದೆವು. ಟ್ಯಾಂಕಿನ ಕಸ ತೆಗೆಸಿದೆವು. ಪ್ಲಗ್ಗು, ಪ್ಲಗ್ಗಿನ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು, ಕೊನೆಗೆ ಇಗ್ನಿಷನ್ ಕಾಯಿಲ್ಲೂ ಹೊಸದಾಯಿತು. ಬಂದು ಹೋಗುವ ದೋಷದ ದೊಡ್ಡ ಮೋಸ ಇದು: ತಾನಾಗಿ ಕೆಲವು ದಿನ ಸುಮ್ಮನಿರುವುದು ಅದರ ಸ್ವಭಾವ, ಆ ದಿನಗಳ ಕೀರ್ತಿಯೆಲ್ಲ ಕೊನೆಗೆ ಹಾಕಿದ ಬಿಡಿಭಾಗಕ್ಕೆ ಹೋಗುತ್ತದೆ.

ಕಾಕಾ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು. "ನಿಂತಾಗ ಹಂಗ ಬಿಟ್ಟು ನನಗ ಫೋನ್ ಮಾಡ್ರಿ. ಚಾಲೂ ಇದ್ದ ಗಾಡ್ಯಾಗ ನಾ ಏನ್ ಹುಡುಕ್ಲಿ?" ಹೆದ್ದಾರಿಯ ಮೇಲೆ ಕಾರು ಬಿಟ್ಟು ಕಾಯುವ ವ್ಯವಧಾನ ನನಗಿರಲಿಲ್ಲ. ಕಾಯಿಲ್ ಬದಲಿಸಿದ ಮೇಲೂ ಕಾರು ನಿಂತಾಗ ನೇರ ಗ್ಯಾರೇಜಿಗೆ ಹೋಗಿ, ನಾಲ್ಕು ಗಿರಾಕಿಗಳ ಎದುರು, ಅವರ ಹುಡುಗರ ಎದುರು ಅಂದುಬಿಟ್ಟೆ: "ಗೊತ್ತಾಗದಿದ್ರ ಗೊತ್ತಾಗೂದಿಲ್ಲಂತ ಹೇಳ್ರಿ ಕಾಕಾ. ಒಂದೊಂದ ಸಾಮಾನ ಹಾಕಿ ರೊಕ್ಕ ಯಾಕ ತಗೋತೀರಿ?" ಅವರು ಮರುಮಾತಾಡದೆ ಕೈ ಒರೆಸಿಕೊಂಡು ಒಳಗೆ ಹೋದರು. ಯಾವ ಭಾಗ ಬದಲಿಸಬೇಕೆಂದು ಹೆಚ್ಚಿನ ಸಲ ಹೇಳಿದವನು ನಾನೇ ಎಂಬುದು ಆಗ ಹೊಳೆಯಲಿಲ್ಲ.

ನನ್ನ ಬಿಸಿಲಿನ ಸಿದ್ಧಾಂತ ಜುಲೈ ತಿಂಗಳಲ್ಲಿ ಮುರಿದುಬಿತ್ತು. ಇಚಲಕರಂಜಿಯಿಂದ ಸಂಜೆ ಹೊರಟಿದ್ದೆ. ಊರಿಗೆ ಹೊರಟಿದ್ದ ಜಾಬರ್, ಅಂದರೆ ನಮ್ಮ ಶೆಡ್ಡಿನ ಮಗ್ಗಗಳನ್ನು ರಿಪೇರಿ ಮಾಡುವವನು, ಪಕ್ಕದಲ್ಲಿದ್ದ. ಬಿಟ್ಟೂಬಿಡದ ಮಳೆ, ತಂಪು ಗಾಳಿ. ತವಂದಿ ಘಾಟ್‌ನಲ್ಲಿ, ರಸ್ತೆಯ ಒಂದು ಕುಣಿಗೆ ಚಕ್ರ ಇಳಿದು ಎದ್ದ ಕೂಡಲೇ ಎಂಜಿನ್ ನಿಂತಿತು. ಹಿಂದೆ ಲಾರಿಯ ಹಾರ್ನ್. ಉಳಿದ ವೇಗದಲ್ಲೇ ಹೇಗೋ ಎಡಕ್ಕೆ ಸರಿಸಿ ನಿಲ್ಲಿಸಿದೆ. ಕೈ ಅಭ್ಯಾಸಬಲದಿಂದ ಕೀಲಿಕೈಗೆ ಹೋಯಿತು. ಜಾಬರ್ ನನ್ನ ಮುಂಗೈ ಹಿಡಿದ.

"ತಡೀರಿ ಮಾಲಕರ, ಚಾವಿ ಮುಟ್ಟಬ್ಯಾಡ್ರಿ. ಎಂಜಿನ್ ಜೋಡಿ ವೈಪರೂ ನಿಂತೈತಿ ನೋಡ್ರಿ."

ನೋಡಿದೆ. ಗಾಜಿನ ನಟ್ಟನಡುವೆ ವೈಪರ್ ನಿಂತಿತ್ತು. ಹೆಡ್‌ಲೈಟ್ ಮಾತ್ರ ಉರಿಯುತ್ತಿತ್ತು, ಹಾರ್ನ್ ಕೂಗುತ್ತಿತ್ತು. ಕೀಲಿಕೈ ಆನ್ ಇದ್ದು ಎಂಜಿನ್ ನಿಂತರೆ ಬ್ಯಾಟರಿಯದೂ ಆಯಿಲ್‌ನದೂ ಕೆಂಪು ದೀಪ ಹೊತ್ತಬೇಕು. ಎರಡೂ ಹೊತ್ತಿರಲಿಲ್ಲ. ಪೆಟ್ರೋಲ್ ಮುಳ್ಳು ತಳಕ್ಕೆ ಬಿದ್ದಿತ್ತು, ನಿಪ್ಪಾಣಿಯಲ್ಲಿ ತುಂಬಿಸಿದ ಪೆಟ್ರೋಲು ಟ್ಯಾಂಕಿನಲ್ಲಿ ಹಾಗೇ ಇತ್ತು. ಜಾಬರ್ ಕೈಚಾಚಿ, ಕೆಳಗೆ ತೂಗುತ್ತಿದ್ದ ಕೀಲಿಕೈ ಗೊಂಚಲನ್ನು ಒಂದು ಬೆರಳಿನಿಂದ ಮೇಲೆತ್ತಿದ. ಕೆಂಪು ದೀಪಗಳು ಹೊತ್ತಿದವು, ವೈಪರ್ ಅರ್ಧಕ್ಕೆ ಬಿಟ್ಟ ಸುತ್ತನ್ನು ಮುಗಿಸಿತು. ಬೆರಳು ತೆಗೆದ. ಎಲ್ಲವೂ ಆರಿತು.

ಆ ಗೊಂಚಲಿನಲ್ಲಿ ಶೆಡ್ಡಿನ ಶಟರಿನದು, ಗೋದಾಮಿನದು, ಮನೆಯದು, ತಿಜೋರಿಯದು ಎಲ್ಲ ಇದ್ದವು. ವರ್ಷಗಟ್ಟಲೆ ಆ ಭಾರ ಇಗ್ನಿಷನ್ ಸ್ವಿಚ್ಚಿಗೆ ಜೋತು ಬಿದ್ದು, ರಸ್ತೆಯ ಪ್ರತಿ ಕುಣಿಗೂ ತೂಗಾಡಿತ್ತು. ಕಾರಿನ ಕೀಲಿಕೈಯೊಂದನ್ನೇ ಬಿಡಿಸಿ ಹಾಕಿಕೊಂಡು ಆ ರಾತ್ರಿ ಮೆಲ್ಲಗೆ ಮನೆ ಸೇರಿದೆವು.

ಮಗ್ಗದಲ್ಲಿ ಹೊಕ್ಕಿನ ನೂಲು ಹರಿದಾಗ ಮಗ್ಗ ತಾನಾಗಿ ನಿಲ್ಲುತ್ತದೆ. ಒಳ್ಳೆಯ ಜಾಬರ್ ಮೊದಲು ಹ್ಯಾಂಡಲ್ ಎಳೆಯುವುದಿಲ್ಲ, ನಿಂತ ಮಗ್ಗವನ್ನು ನಿಂತಂತೆಯೇ ನೋಡುತ್ತಾನೆ. ಲಾಳಿ ಯಾವ ಕಡೆ ಇದೆ, ನೂಲು ಎಲ್ಲಿ ಹರಿದಿದೆ ಎಂದು ಆಗ ಮಾತ್ರ ಕಾಣುತ್ತದೆ. ಇದನ್ನು ನನ್ನದೇ ಶೆಡ್ಡಿನಲ್ಲಿ ದಿನವೂ ಕಾಣುತ್ತಿದ್ದ ನಾನು, ಕಾರು ನಿಂತಾಗಲೆಲ್ಲ ಕೀಲಿಕೈ ತಿರುವಿ ಸಾಕ್ಷಿಯನ್ನು ಅಳಿಸುತ್ತ ಬಂದಿದ್ದೆ. ಹಾಗೆ ತಿರುವಿದಾಗ ಸ್ವಿಚ್ಚಿನೊಳಗಿನ ಸವೆದ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಒದ್ದೆ ಬಟ್ಟೆಯ ಪವಾಡ ಅಷ್ಟೇ.

ಮರುದಿನ ಕಾಕಾನ ಬಳಿ ಹೋಗಿ, ಮೊದಲು ಅಂದ ಮಾತಿಗೆ ಅದೇ ಹುಡುಗರ ಎದುರು ಕ್ಷಮೆ ಕೇಳಿದೆ. ಅವರು ಸ್ಟೀರಿಂಗ್ ಕೆಳಗಿನ ಕವಚ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದರು. ಒಂದು ಬಲ್ಬು, ಎರಡು ವೈರು, ಒಂದು ಕೊನೆ ಕಾರಿನ ಲೋಹದ ಮೈಗೆ, ಇನ್ನೊಂದು ನೋಡಬೇಕಾದ ಜಾಗಕ್ಕೆ. ಸ್ವಿಚ್ಚಿನೊಳಗೆ ಬರುವ ವೈರಿಗೆ ತಾಗಿಸಿದರೆ ಬಲ್ಬು ಸ್ಥಿರವಾಗಿ ಉರಿಯಿತು. ಹೊರಗೆ ಹೋಗುವ ವೈರಿಗೆ ತಾಗಿಸಿ ಕೀಲಿಕೈ ಅಲುಗಾಡಿಸಿದರೆ ಆರುತ್ತ ಹೊತ್ತುತ್ತ ಮಿನುಗಿತು. ಬ್ಯಾಟರಿ, ಫ್ಯೂಸು, ವೈರು ಯಾವುದರ ಮೇಲೂ ಅನುಮಾನ ಉಳಿಯಲಿಲ್ಲ. ಸ್ವಿಚ್ಚಿನ ಹಿಂಭಾಗ ತೆಗೆದರೆ ಒಂದು ಟರ್ಮಿನಲ್ ಸುತ್ತಲಿನ ಪ್ಲಾಸ್ಟಿಕ್ಕು ಕಾಯ್ದು ಕಂದಾಗಿತ್ತು. ಸ್ವಿಚ್ಚು ಬದಲಿಸಲು ತಗುಲಿದ ಖರ್ಚು ನಾನು ವೃಥಾ ಹಾಕಿಸಿದ ಪಂಪಿನ ಬೆಲೆಗಿಂತ ಕಡಿಮೆ.

ಇದು ಬರೀ ಒಂದು ಹಳೆಯ ಕಾರಿನ ಮಾತಲ್ಲ. ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಶೆವ್ರೊಲೆ ಕೋಬಾಲ್ಟ್ ಸೇರಿದಂತೆ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಅವುಗಳ ಇಗ್ನಿಷನ್ ಸ್ವಿಚ್ಚು ಸಡಿಲವಾಗಿತ್ತು. ಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿದ್ದಕ್ಕೋ ಕೀಲಿಕೈ ಹಿಂದೆ ಸರಿದು ಎಂಜಿನ್ ನಿಲ್ಲುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಮಂಜೂರಾಯಿತು. ನಡುವೆ ಆ ಸ್ವಿಚ್ಚನ್ನು ಸುಧಾರಿಸಿದ್ದರೂ ಭಾಗದ ಸಂಖ್ಯೆಯನ್ನು ಬದಲಿಸಿರಲಿಲ್ಲ, ಹಾಗಾಗಿ ತನಿಖೆ ಮಾಡಿದವರಿಗೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ವರ್ಷಗಟ್ಟಲೆ ತಿಳಿಯಲಿಲ್ಲ. ಅಲ್ಲಿಯೂ ಸುಳಿವು ಅಳಿಸಿಹೋಗಿತ್ತು. ಅಲ್ಲಿ ತೆತ್ತದ್ದು ಜೀವಗಳು.

ನಿಮ್ಮ ಕಾರು ಹೀಗೆ ಮಾಡಿದರೆ ಮೊದಲು ಸುರಕ್ಷಿತವಾಗಿ ಬದಿಗೆ ಸರಿಸಿ, ಇಂಡಿಕೇಟರ್ ಹಾಕಿ. ಉರುಳುತ್ತಿರುವಾಗ ಕೀಲಿಕೈ ಹಿಂದಕ್ಕೆ ತಿರುಗಿಸಬೇಡಿ, ಸ್ಟೀರಿಂಗ್ ಲಾಕ್ ಆಗಿಬಿಡಬಹುದು. ನಿಂತ ಮೇಲೂ ಆನ್ ಆಗಿಯೇ ಬಿಟ್ಟು ಒಂದು ನಿಮಿಷ ಬರೀ ನೋಡಿ. ಕೆಂಪು ದೀಪ, ವೈಪರ್, ಪೆಟ್ರೋಲ್ ಮುಳ್ಳು ಎಲ್ಲ ಒಟ್ಟಿಗೆ ಸತ್ತಿದ್ದರೆ ದೋಷ ಸ್ವಿಚ್ಚಿನಲ್ಲೋ ಅದಕ್ಕೆ ಬರುವ ವೈರಿನಲ್ಲೋ ಇದೆ. ಕೆಂಪು ದೀಪ ಹೊತ್ತಿದ್ದು ಎಂಜಿನ್ ಮಾತ್ರ ನಿಂತಿದ್ದರೆ ಕಿಡಿ ಇಲ್ಲವೇ ಪೆಟ್ರೋಲ್ ಹುಡುಕಬೇಕು. ನಿಲ್ಲುವ ಮೊದಲು ಜರ್ಕ್ ಹೊಡೆದು ಶಕ್ತಿ ಕುಂದುತ್ತ ಬಂದಿದ್ದರೆ ಹೆಚ್ಚಾಗಿ ಪೆಟ್ರೋಲು. ಟ್ಯಾಂಕಿನ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಒಳಗೆ ಎಳೆದರೆ ಗಾಳಿ ಹೋಗುವ ದಾರಿ ಕಟ್ಟಿದೆ. ಸ್ವಿಚ್ ಒತ್ತಿದಂತೆ ತಟ್ಟನೆ ನಿಂತಿದ್ದರೆ ಹೆಚ್ಚಾಗಿ ಕಿಡಿ: ಕಾಯಿಲ್ಲು, ಡಿಸ್ಟ್ರಿಬ್ಯೂಟರು. ಇಂಜೆಕ್ಷನ್ ಕಾರುಗಳಲ್ಲಿ ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್‌ನ್ನೂ ನೋಡಿಸಬೇಕು.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ: ಎಲ್ಲಿ ನಿಂತಿತು, ಕುಣಿಯೇ ಏರೇ, ಬಿಸಿಲೇ ಮಳೆಯೇ, ಎಂಜಿನ್ ಜೋಡಿ ಮತ್ತೇನು ನಿಂತಿತ್ತು, ಏನು ಮಾಡಿದ ಮೇಲೆ ಹೊರಟಿತು. ಯಾವ ಭಾಗ ಹೋಗಿದೆ ಎಂದು ಮಾತ್ರ ಬರೆಯಬೇಡಿ, ಅದನ್ನು ಹೇಳಬೇಕಾದವರು ಮೆಕ್ಯಾನಿಕ್. ಆ ಚೀಟಿ ಕೈಸೇರಿದರೆ ಅವರ ಅರ್ಧ ಕೆಲಸ ಮುಗಿದಂತೆ. ನಾನು ಕಾಕಾಗೆ ಕೊಡಬೇಕಾಗಿದ್ದದ್ದು ಅದು. ಕೊಟ್ಟದ್ದು ಮೊದಲು ನನ್ನ ತೀರ್ಮಾನವನ್ನು, ಆಮೇಲೆ ನನ್ನ ಸಿಟ್ಟನ್ನು.