ಚಾಮುಂಡಿಬೆಟ್ಟದ ಹಳೆಯ ಒಕ್ಕಲು

ಮೈಸೂರಿಗೆ ಬಂದವರು ಚಾಮುಂಡಿಬೆಟ್ಟವನ್ನು ಏರದೆ ಹಿಂದಿರುಗುವುದು ಅಪರೂಪ. ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರವಿರುವ ಈ ಬೆಟ್ಟಕ್ಕೆ ಮೋಟಾರಿನ ದಾರಿಯೂ ಉಂಟು, ಸಾವಿರ ಮೆಟ್ಟಿಲುಗಳ ದಾರಿಯೂ ಉಂಟು. ಮೋಟಾರಿನಲ್ಲಿ ಹೋದವರಿಗೆ ದೇವಿಯ ದರ್ಶನ ಬೇಗನೆ ಆಗುತ್ತದೆ. ಮೆಟ್ಟಿಲು ಹತ್ತುವವರಿಗಾದರೋ, ದೇವಿಯ ದರ್ಶನಕ್ಕೆ ಮುಂಚೆಯೇ ಬೆಟ್ಟದ ಹಳೆಯ ಒಕ್ಕಲೊಂದರ ದರ್ಶನವಾಗುತ್ತದೆ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪೇನಾದರೂ ಇದ್ದರೆ ಆ ದರ್ಶನ ತೀರ ಹತ್ತಿರದಿಂದಲೇ ಆಗುವುದುಂಟು!

ಇದು ನಮ್ಮ ಊರುಕೇರಿಗಳ ಸಾಮಾನ್ಯ ಕೋತಿ. ನೆತ್ತಿಯ ನಡುವಿನಿಂದ ಸುತ್ತಲೂ ಹರಡಿಕೊಂಡ ಕೂದಲು ಪುಟ್ಟ ಟೋಪಿಯಂತೆ ಕಾಣುವುದರಿಂದ ಪ್ರಾಣಿಶಾಸ್ತ್ರಜ್ಞರು ಇದನ್ನು ಟೋಪಿಕೋತಿ ಎಂದು ಗುರುತಿಸುತ್ತಾರೆ. ಕಪ್ಪು ಮೋರೆಯ, ಉದ್ದ ಬಾಲದ ಮುಸುವದ ಜಾತಿಯೇ ಬೇರೆ. ಈ ಟೋಪಿಕೋತಿಗೆ ನಮ್ಮ ದಕ್ಷಿಣದ ಪರ್ಯಾಯದ್ವೀಪವೇ ತವರು. ಜಗತ್ತಿನ ಬೇರೆ ಯಾವ ಭಾಗದಲ್ಲೂ ಇದರ ಸಹಜ ವಾಸಸ್ಥಾನವಿಲ್ಲ. ಆದರೂ ದಿನವೂ ಕಾಣುವ ನೆಂಟನಿಗೆ ಮಣೆ ಹಾಕುವವರು ಯಾರು? ನಾವು ಇದನ್ನು ಗದರುತ್ತೇವೆ, ನಗುತ್ತೇವೆ, ಮುಂದೆ ನಡೆಯುತ್ತೇವೆ.

ದೊಡ್ಡದೇವರಾಜ ಒಡೆಯರ ಕಾಲದ ಆ ಮಹಾನಂದಿಯ ಬಳಿ ಯಾತ್ರಿಕರು ದಣಿವಾರಿಸಿಕೊಳ್ಳಲು ಕುಳಿತುಕೊಳ್ಳುವುದು ವಾಡಿಕೆ. ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದರೆ ಕೋತಿಗಳ ಗುಂಪು ಬರಿಯ ಗೊಂದಲವಲ್ಲವೆಂಬುದು ಮನವರಿಕೆಯಾಗುತ್ತದೆ. ಅದೊಂದು ಕಟ್ಟುಪಾಡಿನ ಸಂಸಾರ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಬಾಳುತ್ತವೆ. ಮಗಳಿಗೆ ತಾಯಿಯ ಅಂತಸ್ತೇ ದೊರೆಯುತ್ತದೆ. ಗಂಡುಗಳು ಬೆಳೆದ ಮೇಲೆ ಬೇರೆ ಗುಂಪುಗಳನ್ನು ಅರಸಿ ಹೊರಡುತ್ತವೆ. ನಮ್ಮಲ್ಲಿ ಹೆಣ್ಣು ಅತ್ತೆಯ ಮನೆಗೆ ಹೋದರೆ ಅವುಗಳಲ್ಲಿ ಗಂಡಿಗೇ ಆ ಭಾಗ್ಯ!

ಈ ಸಂಸಾರವನ್ನು ಹಿಡಿದಿಟ್ಟಿರುವ ನೂಲು ಹೇನು ಹೆಕ್ಕುವ ಕ್ರಿಯೆ. ಒಂದು ಕಣ್ಣು ಮುಚ್ಚಿ ಮಲಗಿರುತ್ತದೆ. ಇನ್ನೊಂದು ಬೆರಳುಗಳಿಂದ ಅದರ ಕೂದಲನ್ನು ಬಿಡಿಸಿ ಬಿಡಿಸಿ ನೋಡುತ್ತದೆ. ಮೈ ಚೊಕ್ಕಟವಾಗುವುದಷ್ಟೇ ಇದರ ಫಲವಲ್ಲ, ಸ್ನೇಹ ಉಳಿಯುವುದೂ ಇದರಿಂದಲೇ. ಇದರಲ್ಲಿ ಎಷ್ಟು ಲೆಕ್ಕಾಚಾರವಿದೆ ಎಂಬುದನ್ನು ಅನಿಂದ್ಯ ಸಿನ್ಹಾ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಎರಡು ಹೆಣ್ಣುಗಳು ಹೀಗೆ ಕುಳಿತಿರುವಾಗ ಅವೆರಡಕ್ಕಿಂತ ಮೇಲಿನ ಅಂತಸ್ತಿನ ಮೂರನೆಯದು ಬಂದರೆ, ಸಾಮಾನ್ಯವಾಗಿ ಎದ್ದು ಹೋಗುವುದು ಇಬ್ಬರಲ್ಲಿ ಕೆಳಗಿನದು. ಅಂದರೆ ಬಂದವಳು ತನಗಿಂತ ದೊಡ್ಡವಳೆಂದು ತಿಳಿದಿದ್ದರೆ ಸಾಲದು. ಪಕ್ಕದಲ್ಲಿರುವವಳ ಸ್ಥಾನವನ್ನೂ ತನ್ನದರೊಡನೆ ತೂಗಿ ನೋಡಿರಬೇಕು. ಮದುವೆಮನೆಯ ಮುಂದಿನ ಸಾಲಿನಲ್ಲಿ ಕುಳಿತವರಿಗೆ ಈ ಲೆಕ್ಕ ಹೊಸದೇನಲ್ಲ.

ಇನ್ನು ಅವುಗಳ ಮುಖಭಾಷೆ. ತುಟಿಗಳನ್ನು ಪಟಪಟನೆ ಆಡಿಸಿದರೆ ಅದು ಸ್ನೇಹದ ಮಾತು. ಬಾಯಿ ತೆರೆದು ದಿಟ್ಟಿಸಿ ನೋಡಿದರೆ ಬೆದರಿಕೆ. ಹಲ್ಲು ಕಿರಿದರೆ ಅದು ನಗುವಲ್ಲ, ಅಂಜಿಕೆ ಇಲ್ಲವೆ ಶರಣಾಗತಿ. ಯಾತ್ರಿಕರಾದರೋ ಮಗುವನ್ನು ಕೋತಿಯ ಎದುರಿಗೆ ನಿಲ್ಲಿಸಿ, 'ಅದರ ಕಣ್ಣು ನೋಡು, ನಗು' ಎಂದು ಹೇಳಿ ಫೋಟೋ ತೆಗೆಯುತ್ತಾರೆ. ಕೋತಿಯ ನಿಘಂಟಿನಲ್ಲಿ ಆ ನೋಟ ಜಗಳಕ್ಕೆ ಕರೆಯುವುದು. ಆ ನಗು ಹೆದರಿಕೊಂಡೆನೆಂದು ಒಪ್ಪಿಕೊಳ್ಳುವುದು. ಆಮೇಲೆ ಅದು ಮೈಮೇಲೆ ಹಾರಿದರೆ 'ಕಪಿಚೇಷ್ಟೆ' ಎಂದು ದೂರುವುದು ಎಷ್ಟರಮಟ್ಟಿಗೆ ನ್ಯಾಯ?

ಅವು ನಮ್ಮ ಭಾಷೆಯನ್ನು ಕಲಿತಿರುವುದಂತೂ ನಿಜ. ಬಂಡೀಪುರದ ಕೋತಿಗಳನ್ನು ಕುರಿತು ಸಿನ್ಹಾ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಸೋಜಿಗ ಹುಟ್ಟಿಸುತ್ತದೆ. ಅಲ್ಲಿನ ಕೋತಿಗಳು ಮೆಲ್ಲನೆ ಕೂಗಿ, ಮನುಷ್ಯರತ್ತ ಕೈ ಚಾಚಿ, ತಿಂಡಿಯನ್ನು ಬೇಡುತ್ತವೆ. ಎದುರಿನವನ ಗಮನ ತಮ್ಮ ಕಡೆಗಿದೆಯೇ ಎಂದು ನೋಡಿಕೊಳ್ಳುತ್ತವೆ, ಕಾಯುತ್ತವೆ. ಕೈ ಚಾಚುವುದು ಇಲ್ಲಿ ಬರಿಯ ಅಭ್ಯಾಸವಲ್ಲ. ಉದ್ದೇಶವಿಟ್ಟುಕೊಂಡು ಆಡಿದ ಮಾತು.

ಕೈಯ ವಿಷಯ ಬಂದಾಗ ನೆನಪಾಗುತ್ತದೆ. ಒಮ್ಮೆ ನಂದಿಯ ಸಮೀಪದ ಮೆಟ್ಟಿಲ ಮೇಲೆ ಮನೆಯವರೆಲ್ಲ ಕುಳಿತು ಬುತ್ತಿ ಬಿಚ್ಚಿದ್ದೆವು. ನನ್ನ ಮಗ ಹುಟ್ಟು ಎಡಚ. ನನ್ನ ತಾಯಿಯವರಿಗೆ ಅದೊಂದು ತೀರದ ಕೊರಗು.

"ಎಡಗೈಲಿ ತಿನ್ನಬಾರದು ಮಗು, ಬಲಗೈಲಿ ತಗೋ" ಎಂದರು.

"ಆ ಕೋತಿಗೆ ಯಾರೂ ಹೇಳಲ್ವಲ್ಲ ಅಜ್ಜಿ?" ಎಂದ ಅವನು, ಕೊಂಬೆಯ ಮೇಲೆ ಒಂದು ಕೈಯಲ್ಲಿ ಜೋತುಬಿದ್ದು ಇನ್ನೊಂದರಲ್ಲಿ ಕಾಯಿ ಕೀಳುತ್ತಿದ್ದ ಪ್ರಾಣಿಯನ್ನು ತೋರಿಸಿ.

ಹುಡುಗನ ಪ್ರಶ್ನೆ ವಿದ್ವಾಂಸರ ಪ್ರಶ್ನೆಯೂ ಹೌದು. ಮನುಷ್ಯರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಬಲಗೈಯವರು. ಇದು ಮನುಷ್ಯನೊಬ್ಬನ ಸೊತ್ತೋ, ಇಲ್ಲವೆ ಇದರ ಬೇರು ಮರದ ಮೇಲಿನ ಬಾಳಿನಲ್ಲಿಯೇ ಇದೆಯೋ? 1987ರಲ್ಲಿ ಪೀಟರ್ ಮ್ಯಾಕ್‌ನೀಲೇಜ್ ಮತ್ತು ಅವರ ಸಂಗಡಿಗರು ಒಂದು ವಾದವನ್ನು ಮುಂದಿಟ್ಟರು: ಮರದಲ್ಲಿ ಬಾಳಿದ ಪೂರ್ವಿಕರಿಗೆ ಬಲಗೈ ಮೈಯನ್ನು ಆಧರಿಸುವ ಕೈ, ಎಡಗೈ ಆಹಾರಕ್ಕೆ ಚಾಚುವ ಕೈ ಆಗಿತ್ತು ಎಂದು. ಈ ಚರ್ಚೆಗೆ ನಮ್ಮ ಕೋತಿಗಳೂ ಸಾಕ್ಷಿ ನುಡಿದಿವೆ. ಮಧುರ್ ಮಂಗಳಂ, ನಿಸರ್ಗ್ ದೇಸಾಯಿ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರು ಬಯಲಿನಲ್ಲಿ ಸ್ವತಂತ್ರವಾಗಿ ಬಾಳುವ ಟೋಪಿಕೋತಿಗಳನ್ನು ಪರೀಕ್ಷಿಸಿ 2014ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕೋತಿ ತನ್ನ ಎರಡು ಕೈಗಳಿಗೆ ಕೆಲಸವನ್ನು ಹಂಚಿಕೊಟ್ಟಿರುತ್ತದೆ: ನಯವಾಗಿ ತಿರುಗಿಸಿ ಸಾಧಿಸಬೇಕಾದ ಕೆಲಸಕ್ಕೆ ಒಂದು ಕೈ, ಬಲ ಹಾಕಬೇಕಾದ ಕೆಲಸಕ್ಕೆ ಇನ್ನೊಂದು. 'ಕಪಿಮುಷ್ಟಿ' ಎಂಬ ನಮ್ಮ ಮಾತು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಮುಷ್ಟಿ ಒಂದು ಕೈಯದು, ಕುಶಲತೆ ಮತ್ತೊಂದರದು.

1960ರ ದಶಕದ ಮೊದಲಲ್ಲಿ ಧಾರವಾಡದ ಕಾಡುಗಳಲ್ಲಿ ಮುಸುವಗಳನ್ನು ಅಭ್ಯಾಸ ಮಾಡಿದ ಜಪಾನಿನ ಯುಕಿಮಾರು ಸುಗಿಯಾಮಾ ಅವರು ಮುಂದೆ ಆಫ್ರಿಕದ ಗಿನಿ ದೇಶದ ಬೋಸು ಎಂಬಲ್ಲಿಗೆ ಹೋದರು. ಅಲ್ಲಿಯ ಚಿಂಪಾಂಜಿಗಳು ಕಲ್ಲಿನಿಂದ ಕಾಯಿ ಒಡೆಯುವಾಗ, ಪ್ರತಿಯೊಂದೂ ತನಗೆ ಒಗ್ಗಿದ ಒಂದೇ ಕೈಯಲ್ಲಿ ಕಲ್ಲನ್ನು ಹಿಡಿಯುವುದನ್ನು ಅವರೂ ಅವರ ಸಂಗಡಿಗರೂ 1993ರಲ್ಲಿ ವರದಿ ಮಾಡಿದರು. ಕೆಲವಕ್ಕೆ ಬಲಗೈ, ಕೆಲವಕ್ಕೆ ಎಡಗೈ. ಎಡಚನೆಂದು ಅಲ್ಲಿ ಯಾರೂ ಯಾರನ್ನೂ ಗದರುವುದಿಲ್ಲ.

ಇದನ್ನೆಲ್ಲ ನಾನು ವಿವರಿಸಿದಾಗ ನನ್ನ ತಾಯಿಯವರು, "ಅವು ಮರದ ಮೇಲೆ ಊಟ ಮಾಡ್ತವೆ ಕಣಪ್ಪ, ನಾವು ಎಲೆ ಮುಂದೆ" ಎಂದು ವಾದವನ್ನು ಮುಗಿಸಿದರು. ಆದರೆ ಅಂದಿನಿಂದ ಬರೆಯುವಾಗ ಹುಡುಗನ ಕೈಯಿಂದ ಸೀಸದಕಡ್ಡಿಯನ್ನು ಕಿತ್ತುಕೊಳ್ಳುವುದನ್ನು ಬಿಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿಯಾದ ಸಂಗತಿಯನ್ನೂ ಹೇಳಬೇಕಾಗಿದೆ. ಎಲ್ಲೆಲ್ಲೂ ಕಾಣುವ ಪ್ರಾಣಿಯೆಂದು ನಾವು ನಂಬಿರುವ ಈ ಕೋತಿ ಕ್ಷೀಣಿಸುತ್ತಿದೆ. ಮೇವಾ ಸಿಂಗ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೈಸೂರಿನ ಸುತ್ತಣ ಸೀಮೆಯಲ್ಲಿ ಇವುಗಳ ಸಂಖ್ಯೆ ಇಪ್ಪತ್ತೈದು ವರ್ಷಗಳಲ್ಲಿ ಶೇಕಡಾ 65ಕ್ಕಿಂತ ಹೆಚ್ಚಾಗಿ ಇಳಿದಿತ್ತು. ಹೆದ್ದಾರಿಗಳ ಇಕ್ಕೆಲದಲ್ಲಿದ್ದ ಆಲ, ಅತ್ತಿ, ಅರಳಿಯ ಸಾಲುಮರಗಳು ರಸ್ತೆಯ ಅಗಲಕ್ಕೆ ಬಲಿಯಾದುವು. ಮರ ಹೋದ ಮೇಲೆ ಅದರ ಒಕ್ಕಲು ಉಳಿಯುವುದು ಹೇಗೆ? ಉತ್ತರದ ಕೆಂಪುಮೋರೆಯ ಕೋತಿಯೂ ದಕ್ಷಿಣಕ್ಕೆ ಹರಡುತ್ತ ಇವುಗಳ ನೆಲೆಯನ್ನು ಆಕ್ರಮಿಸುತ್ತಿದೆ. ಅಪಾಯದಂಚಿಗೆ ಬಂದಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿಯೂ ಇದರ ಹೆಸರು ಸೇರಿದೆ.

ಹಣ್ಣು ಕೊಟ್ಟರೆ ಪುಣ್ಯ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಆದರೆ ಕೊಟ್ಟು ರೂಢಿಮಾಡಿದವರೇ ನಾಳೆ ಕಿತ್ತುಕೊಂಡಿತೆಂದು ಬಡಿಗೆ ಎತ್ತುತ್ತಾರೆ. ನಾಡಿದ್ದು ಹಿಡಿದು ಬೇರೆಡೆಗೆ ಸಾಗಿಸಿರೆಂದು ಅರ್ಜಿ ಬರೆಯುತ್ತಾರೆ. ಮೆಟ್ಟಿಲು ಹತ್ತುವಾಗ ತಿಂಡಿ ಚೀಲದೊಳಗಿರಲಿ, ನೋಟ ಮೃದುವಾಗಿರಲಿ. ದಾನ ಮಾಡಲೇಬೇಕೆಂಬ ಮನಸ್ಸುಳ್ಳವರು ತಮ್ಮ ಊರಿನ ರಸ್ತೆಯ ಬದಿಯಲ್ಲಿ ಒಂದು ಆಲದ ಕೊಂಬೆಯನ್ನು ನೆಟ್ಟು ನೀರೆರೆಯಲಿ. ಆ ಮರದಲ್ಲಿ ಹಣ್ಣಾದ ಕಾಲಕ್ಕೆ ಯಾವ ಕೈಯಲ್ಲಿ ಕೀಳಬೇಕೆಂಬುದನ್ನು ಕೋತಿ ತಾನೇ ನಿಶ್ಚಯಿಸಿಕೊಳ್ಳುತ್ತದೆ.